ನಾಚಿದ ಹೋರಿ

ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಮೈಲಾರಿ ಹದಿನೇಳು ವರ್ಷದಿಂದ ಮೆಣಸಿನಕಾಯಿ ಚೀಲ ತೂಗುತ್ತಿದ್ದ. ಹಮಾಲರು ಚೀಲವನ್ನು ಕಾಟಾದ ಮೇಲೆ ಇಳಿಸಿದರೆ ಅಂಕಿ ನೋಡಿ ಕೂಗುವುದು, ಅವರು ಎತ್ತಿಕೊಂಡು ಹೋದ ಮೇಲೆ ಮುಂದಿನದಕ್ಕೆ ಕಾಯುವುದು, ಇಷ್ಟೇ ಅವನ ಕೆಲಸ. ಅಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ನಾಲ್ಕೈದು ಮಂದಿ ಇದ್ದರೆ ಹೆಚ್ಚು. ಉಳಿದವರಿಗೆ ಅವನು ಕಾಟಾದಾವ.

ಅವನ ಹೆಸರು ಗೊತ್ತಿದ್ದದ್ದು ಫೋನಿನೊಳಗಿನ ಮಂದಿಗೆ. ಕಬಡ್ಡಿ ಲೀಗಿನಲ್ಲಿ ಆಡುವ ಹುಬ್ಬಳ್ಳಿ ಹೋರಿ ತಂಡದ ಅಭಿಮಾನಿಗಳು ಫೇಸ್‌ಬುಕ್ಕಿನಲ್ಲಿ 'ನಮ್ಮ ಹೋರಿ' ಅಂತ ಒಂದು ಗುಂಪು ಮಾಡಿಕೊಂಡಿದ್ದರು. ಹನ್ನೆರಡು ಸಾವಿರ ಮಂದಿ ಅದರಲ್ಲಿದ್ದರು. ಪಂದ್ಯ ಹತ್ತಿರ ಬಂದರೆ ಇವರಿಗೂ ಬೆಳಗಾವಿ ತಂಡದ ಗುಂಪಿನವರಿಗೂ ಮಾತಿನ ಜಗಳ ಹತ್ತುತ್ತಿತ್ತು. ಅವರು ಇವರ ಧಾರವಾಡ ಪೇಡೆಯನ್ನು ಹೀಗಳೆದರೆ ಇವರು ಅವರ ಕುಂದಾದ ಮೇಲೆ ಹೋಗುತ್ತಿದ್ದರು. ಇಂಥದರಲ್ಲಿ ಮೈಲಾರಿಯನ್ನು ಮೀರಿಸುವವರು ಇರಲಿಲ್ಲ. ಒಮ್ಮೆ ಬೆಳಗಾವಿಯ ರೈಡರ್ ಒಬ್ಬ ಹುಬ್ಬಳ್ಳಿಯವರ ಕಡೆ ಸಿಕ್ಕಿಬಿದ್ದು ಒದ್ದಾಡುತ್ತಿದ್ದಾಗ, 'ಗೆರಿ ದಾಟಿ ಬಂದಾನ, ವಾಪಸ್ ಹೋಗಾಕ ಬಸ್ ಕಾಯಾಕತ್ತಾನ' ಎಂದು ಬರೆದಿದ್ದ. ಎರಡು ಸಾವಿರ ಮಂದಿ ನಕ್ಕಿದ್ದರು. ಮರುದಿನ ಯಾರ್ಡಿನ ಕ್ಯಾಂಟೀನಿನಲ್ಲಿ ಗುರುತಿಲ್ಲದ ಲಾರಿ ಡ್ರೈವರ್ ಒಬ್ಬ ಆ ಮಾತನ್ನು ತನ್ನದೇ ಅನ್ನುವಂತೆ ಹೇಳಿ ನಗಿಸುತ್ತಿದ್ದ. ಮೈಲಾರಿ ಪಕ್ಕದ ಬೆಂಚಿನಲ್ಲಿ ಕೂತು ಸುಮ್ಮನೆ ಕೇಳಿದ. ಅದು ತನ್ನ ಮಾತು ಅಂತ ಅಲ್ಲಿ ಯಾರಿಗೂ ಹೇಳಲಿಲ್ಲ, ಸಂಜೆ ಮನೆಗೆ ಹೋಗಿ ಹೆಂಡತಿ ಸುಮಲತಾಗೆ ಹೇಳಿದ. ಅವತ್ತು ಅವನು ಊಟಕ್ಕೆ ಒಂದು ರೊಟ್ಟಿ ಹೆಚ್ಚು ತಿಂದ ಎಂದು ಅವಳು ಆಮೇಲೆ ನೆನೆಸಿಕೊಳ್ಳುತ್ತಿದ್ದಳು.

ಹೋದ ಡಿಸೆಂಬರಿನಲ್ಲಿ ತಂಡವನ್ನು ಹಾಸಿಗೆ, ತಲೆದಿಂಬು ಮಾಡುವ ಒಂದು ಕಂಪನಿ ಕೊಂಡಿತು. ಮೊದಲಿದ್ದ ಕರಿ-ಕೆಂಪು ಅಂಗಿ ಹೋಗಿ ಕೆನೆಬಣ್ಣಕ್ಕೆ ತಿಳಿನೀಲಿ ಪಟ್ಟಿ ಬಂತು. ಲಾಂಛನವೂ ಬದಲಾಯಿತು. ಹಳೆಯದರಲ್ಲಿ ಹೋರಿ ತಲೆ ತಗ್ಗಿಸಿ, ಕೆಂಪು ಕಣ್ಣು ಬಿಟ್ಟುಕೊಂಡು, ಮೂಗಿನಿಂದ ಹೊಗೆ ಬಿಡುತ್ತಿತ್ತು. ಹೊಸದರಲ್ಲಿ ಒಂದೇ ಗೆರೆಯಲ್ಲಿ ಎಳೆದ ಹೋರಿ ಕುತ್ತಿಗೆಯನ್ನು ಒಂದು ಕಡೆ ಹೊರಳಿಸಿ, ಅರ್ಧ ರೆಪ್ಪೆ ಮುಚ್ಚಿ ನಿಂತಿತ್ತು. ಚಿತ್ರ ಗುಂಪಿಗೆ ಬಂದದ್ದು ಮಧ್ಯಾಹ್ನ, ಮೈಲಾರಿ ಖಾಲಿ ಚೀಲಗಳ ಮೇಲೆ ಕೂತು ಬುತ್ತಿ ಬಿಚ್ಚಿದ್ದ ಹೊತ್ತಿಗೆ. ಎಡಗೈಯಲ್ಲೇ ಬರೆದ:

'ಇದು ಹೋರಿ ಅಲ್ಲೋ ಮಾರಾಯಾ. ಕನ್ಯಾ ನೋಡಾಕ ಬೀಗರು ಬಂದಾರ, ಚಹಾದ ತಟ್ಟಿ ಹಿಡಕೊಂಡು ಬಾಗಲ ಹಿಂದ ನಿಂತೈತಿ.'

ಬುತ್ತಿ ಮುಗಿಯುವುದರೊಳಗೆ ಅದಕ್ಕೆ ಸಾವಿರ ನಗೆ ಬಿದ್ದಿದ್ದವು. ಸಂಜೆಗೆ ಯಾರೋ ಹೋರಿಯ ಮುಂಗಾಲಿಗೆ ಖರೇನೇ ಒಂದು ಚಹಾದ ತಟ್ಟೆ ಅಂಟಿಸಿದ್ದರು. ಮರುದಿನ ಇನ್ನೊಬ್ಬರು ಅದರ ತಲೆಗೆ ಸೆರಗು ಹೊದಿಸಿದರು. ಹೊಸ ಲಾಂಛನಕ್ಕೆ 'ನಾಚಿದ ಹೋರಿ' ಅಂತಲೇ ಹೆಸರಾಯಿತು. ಗುಂಪಿನ ಉಸ್ತುವಾರಿ ನೋಡುತ್ತಿದ್ದ ಅಸ್ಫಾಕ, ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ನಡೆಸುವವನು, ಮೈಲಾರಿಗೆ ಫೋನ್ ಮಾಡಿ, ಮೂರು ವರ್ಷದಾಗ ಗುಂಪಿನ್ಯಾಗ ಇಷ್ಟು ಮಂದಿ ನಕ್ಕಿದ್ದು ನೋಡಿಲ್ಲ ಅಂದ.

ಜನವರಿಯಲ್ಲಿ ಲೀಗ್ ಶುರುವಾಯಿತು. ಮೊದಲ ಪಂದ್ಯದಲ್ಲೇ ಹುಬ್ಬಳ್ಳಿ ಬೆಳಗಾವಿಗೆ ಹತ್ತೊಂಬತ್ತು ಅಂಕದಿಂದ ಸೋತಿತು. ಬೆಳಗಾವಿಯವರು ತಟ್ಟೆ ಹಿಡಿದ ಹೋರಿಯನ್ನು ತಮ್ಮ ಗುಂಪಿಗೆ ಒಯ್ದು, 'ಕನ್ಯಾ ಪಸಂದ ಬಂತ್ರಿ' ಎಂದು ಬರೆದರು. ಅಲ್ಲಿಯವರೆಗೆ ತಾವೇ ನಗುತ್ತಿದ್ದ ಹುಬ್ಬಳ್ಳಿಯವರಿಗೆ ಈಗ ಸಿಟ್ಟು ಬಂತು. ಆ ಸಿಟ್ಟು ಆಟಗಾರರ ಮೇಲೂ ಹೋಗಲಿಲ್ಲ, ಕಂಪನಿಯ ಮೇಲೂ ಹೋಗಲಿಲ್ಲ. ಈ ಲಾಂಛನ ಬರೆದವರು ಯಾರು ಎಂದು ಒಬ್ಬ ಕೇಳಿದ. ಅರ್ಧ ತಾಸಿನಲ್ಲಿ ಇನ್ನೊಬ್ಬ ಹುಡುಕಿ ತಂದ. ಬರೆದವಳು ಹುಬ್ಬಳ್ಳಿಯದೇ ಒಬ್ಬ ಹುಡುಗಿ. ತಾನು ಲಾಂಛನವನ್ನು ಹೇಗೆ ಹೇಗೆ ತಿದ್ದಿದೆ ಎಂದು ಏಳೆಂಟು ಚಿತ್ರ ಹಾಕಿ, ಕೆಳಗೆ ತನ್ನ ಹೆಸರು, ಫೋನ್ ನಂಬರು ಬರೆದುಕೊಂಡಿದ್ದಳು. ಅದೇ ಪುಟದಲ್ಲಿ ಯಾರದೋ ಮದುವೆಯಲ್ಲಿ ಕುಂಕುಮ, ಹೂವಿನ ತಟ್ಟೆ ಹಿಡಿದು ನಿಂತ ಅವಳ ಫೋಟೋ ಇತ್ತು.

ಆ ಫೋಟೋಕ್ಕೆ ಹೋರಿಯ ಕೋಡು ಬಂದವು. ತಟ್ಟೆಯಲ್ಲಿ ಚಹಾದ ಕಪ್ಪು ಬಂದವು. ಮೊದಲ ಚಿತ್ರಕ್ಕೆ ಮೈಲಾರಿಯೂ ಒಂದು ನಗುವ ಮುಖ ಒತ್ತಿದ. ಅವಳು ಯಾರು, ಎಲ್ಲಿಯವಳು ಎಂದು ಅವನು ನೋಡಲಿಲ್ಲ. ಆಮೇಲೆ ಬಂದವುಗಳ ಕೆಳಗಿನ ಮಾತು ಹೊಲಸಾಗುತ್ತ ಹೋಯಿತು. ಅವನ್ನು ಅವನು ಬೆರಳಿಂದ ಮೇಲೆ ಸರಿಸಿಬಿಟ್ಟ.

ಒಂದು ವಾರ ಕಳೆದಿರಬೇಕು. ಪಕ್ಕದ ದಲಾಲಿ ಅಂಗಡಿಯ ಗುಮಾಸ್ತ ಗುರುಶಿದ್ದಪ್ಪ ಮಧ್ಯಾಹ್ನ ಕಾಟಾದ ಹತ್ತಿರ ಬಂದು ನಿಂತರು. ಅರವತ್ತರ ಹತ್ತಿರದ ಮನುಷ್ಯ, ಹಣೆಯ ಮೇಲಿನ ವಿಭೂತಿ ಸಂಜೆಯ ತನಕ ಅಳಿಸುತ್ತಿರಲಿಲ್ಲ. ಯಾರ್ಡಿನಲ್ಲಿ ಮೈಲಾರಿಯನ್ನು ಹೆಸರು ಹಿಡಿದು ಕರೆಯುವ ನಾಲ್ಕೈದು ಮಂದಿಯಲ್ಲಿ ಅವರೂ ಒಬ್ಬರು. ಹಮಾಲರು ನೀರು ಕುಡಿಯಲು ಹೋಗುವ ತನಕ ಕಾದು, ಜೇಬಿನಿಂದ ಫೋನ್ ತೆಗೆದು ಅವನ ಮುಂದೆ ಹಿಡಿದರು. ಪರದೆಯ ಮೇಲೆ ಕೋಡು ಬರೆದ ಆ ಫೋಟೋ ಇತ್ತು. ಮುಖದ ಮೇಲೆ ಗುರುಶಿದ್ದಪ್ಪನವರ ಹೆಬ್ಬೆರಳು ಇತ್ತು. ಮಾತಾಡಿ ಮುಗಿಸುವ ತನಕ ಅದನ್ನು ಅವರು ತೆಗೆಯಲಿಲ್ಲ.

"ಇದು ನಮ್ಮ ಧನಶ್ರೀ," ಅಂದರು.

ಅವರಿಗೆ ಮಗಳಿದ್ದಾಳೆ, ಧಾರವಾಡದಲ್ಲಿ ಚಿತ್ರಕಲೆ ಕಲಿತಿದ್ದಾಳೆ ಎಂದು ಮೈಲಾರಿ ಎಂದೋ ಕೇಳಿದ್ದ. ಹೆಸರು ಕೇಳಿರಲಿಲ್ಲ.

ಗುರುಶಿದ್ದಪ್ಪ ನಿಧಾನವಾಗಿ ಎಲ್ಲ ಹೇಳಿದರು. ಚಿತ್ರವನ್ನು ತೋರಿಸಿದವನು ಅವರ ಅಣ್ಣನ ಮಗನಂತೆ. ಧನಶ್ರೀ ಮನೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಐದಾರು ದಿನದಿಂದ ಹೊರಗೆ ಹೋಗಿರಲಿಲ್ಲ, ಅಷ್ಟೆ. ಗುರುತಿಲ್ಲದ ನಂಬರಿನಿಂದ ಫೋನ್ ಬರುತ್ತಿದ್ದವು. ಎತ್ತಿದರೆ ಆ ಕಡೆಯವರು ಚಹಾ ಕೇಳುತ್ತಿದ್ದರು. ರಾಣೇಬೆನ್ನೂರಿನಿಂದ ಅವಳನ್ನು ನೋಡಲು ಬರಬೇಕಾದವರು ಈಗ ಬ್ಯಾಡ, ಯುಗಾದಿ ಆಗಲಿ ಅಂದಿದ್ದರು. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಗುರುಶಿದ್ದಪ್ಪ ಹೇಳಲಿಲ್ಲ. ಠಾಣೆಗೂ ಹೋಗಿಬಂದಿದ್ದರು. ಅಲ್ಲಿ ಕೂಡಿಸಿ ಮಾತಾಡಿಸಿದ್ದರು, ಅರ್ಜಿ ತೆಗೆದುಕೊಂಡಿದ್ದರು, ಮೊದಲು ಶುರು ಮಾಡಿದವರು ಯಾರು ಅಂತ ಗೊತ್ತಾದರೆ ಬರೆದುಕೊಡಿ ಎಂದಿದ್ದರು.

"ನನಗ ಇದರಾಗಿಂದು ಏನೂ ತಿಳಿಯೂದಿಲ್ಲಪಾ ಮೈಲಾರಿ. ನಿನಗ ಆ ಗುಂಪಿನ ಮಂದಿ ಗೊತ್ತಂತ. ಸ್ವಲ್ಪ ಹೇಳಿ ತಗಸಪಾ."

ಮೈಲಾರಿ, "ತಗಸ್ತೇನ್ರಿ ಕಾಕಾ," ಅಂದ.

ಅವರು ಅಂಗಡಿಯ ಒಳಗೆ ಹೋದ ಮೇಲೆ ಅವನು ಮಾಡಿದ ಮೊದಲ ಕೆಲಸವೆಂದರೆ, ಚೀಲಗಳ ರಾಶಿಯ ಹಿಂದೆ ಹೋಗಿ ತನ್ನ ಹಳೆಯ ಮಾತನ್ನು ಹುಡುಕಿ ಅಳಿಸಿದ್ದು. ಠಾಣೆಯ ಸುದ್ದಿ ಕೇಳಿ ಹೆದರಿ ಹೋಗಿದ್ದ. ಅಳಿಸಿದ ಮೇಲೆ ಅವನಿಗೆ ಹೇಸಿಗೆಯಾಯಿತು. ಹುಡುಗಿಗೆ ಅದರಿಂದ ಏನೂ ಆಗುವುದಿಲ್ಲ, ಪಾರಾದವನು ತಾನೊಬ್ಬನೇ ಎಂದು ಅವನಿಗೆ ತಿಳಿಯಿತು.

ಸಂಜೆ ತಾರಿಹಾಳಕ್ಕೆ ಹೋಗಿ ವರ್ಕ್‌ಶಾಪಿನ ಬಾಗಿಲಲ್ಲಿ ಅಸ್ಫಾಕನನ್ನು ಹಿಡಿದ. ಅಸ್ಫಾಕ ಕೆಟ್ಟವನಲ್ಲ. ಕೈಗೆ ಹತ್ತಿದ ಎಣ್ಣೆಯನ್ನು ಒರೆಸಿಕೊಂಡು ಅಲ್ಲೇ ಕಟ್ಟೆಯ ಮೇಲೆ ಕೂತು ಗುಂಪಿನಲ್ಲಿದ್ದ ಚಿತ್ರಗಳನ್ನು ಒಂದೊಂದಾಗಿ ತೆಗೆದ. ಅರವತ್ತಕ್ಕೂ ಹೆಚ್ಚು ಇದ್ದವು. ಇವನು ತೆಗೆಯುತ್ತಿದ್ದಂತೆ ಆ ಕಡೆಯಿಂದ ಹೊಸವು ಬರುತ್ತಿದ್ದವು. ಯಾಕೆ ತೆಗೆಯುತ್ತೀ, ಕಂಪನಿಯವರು ರೊಕ್ಕ ಕೊಟ್ಟರೇನು ಎಂದು ಕೆಲವರು ಕೇಳಿದರು. ಬೆಳಗಾವಿ ಗುಂಪಿನ ಉಸ್ತುವಾರಿಯವನಿಗೂ ಅಸ್ಫಾಕ ಬರೆದ. ಅವನು ಒಂದು ಚಹಾದ ಕಪ್ಪಿನ ಚಿತ್ರ ಕಳಿಸಿ ಸುಮ್ಮನಾದ. ವಾಟ್ಸಾಪಿನಲ್ಲಂತೂ ಧನಶ್ರೀಯ ಫೋಟೋ ಸ್ಟಿಕ್ಕರ್ ಆಗಿ ಊರೆಲ್ಲ ತಿರುಗುತ್ತಿತ್ತು. ಮೊನ್ನೆ ತಮ್ಮ ಮನೆಯವರ ಗುಂಪಿನಲ್ಲಿ ಚಿಕ್ಕಮ್ಮ ರಾಜಬಿ ಸಹ ಚಹಾಕ್ಕೆ ಬರ್ರಿ ಅನ್ನಲು ಅದನ್ನೇ ಹಾಕಿದ್ದಳು, ಆಕೆಗೆ ಕಬಡ್ಡಿ ಅಂದರೆ ಏನು ಅಂತಲೂ ಗೊತ್ತಿಲ್ಲ ಎಂದು ಅಸ್ಫಾಕ ಹೇಳಿದ.

"ಇದು ಇನ್ನ ನಮ್ಮ ಕೈಯಾಗ ಇಲ್ಲಣ್ಣಾ," ಅಂದ.

ಮೈಲಾರಿ ಮನೆಗೆ ಬಂದು ಗುಂಪಿನಲ್ಲಿ ಬರೆಯಲು ಕೂತ. ಇಷ್ಟು ದಿನ ಒಂದು ನಿಮಿಷದಲ್ಲಿ ಬರೆದು ಕಳಿಸುತ್ತಿದ್ದವನಿಗೆ ನಾಲ್ಕು ಸಾಲಿಗೆ ಒಂದು ತಾಸು ಹಿಡಿಯಿತು. ಮಾತು ಶುರು ಮಾಡಿದವನು ನಾನು, ತಪ್ಪಾಯಿತು, ಆ ಹುಡುಗಿ ನಮ್ಮೂರವಳು, ಅವಳ ತಂದೆ ನನಗೆ ಬೇಕಾದವರು, ದಯಮಾಡಿ ಎಲ್ಲರೂ ಅವಳ ಫೋಟೋ ತೆಗೆಯಿರಿ ಎಂದು ಬರೆದ. ಸುಮಲತಾಗೆ ಓದಿ ಹೇಳಿದ. ಅವಳು ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿ, ಛಲೋ ಬರೆದೀರಿ, ಇದನ್ನ ಓದಿದ್ರ ತಗೀತಾರ ಅಂದಳು.

ಯಾರೂ ತೆಗೆಯಲಿಲ್ಲ. ಅವನು ಅಷ್ಟು ವರ್ಷ ಬರೆದದ್ದೆಲ್ಲ ನಗಿಸುವುದಕ್ಕೇ ಆಗಿತ್ತು, ಇದನ್ನೂ ಮಂದಿ ಹಾಗೆಯೇ ಓದಿದರು. 'ಮೈಲಾರಿ ಅಣ್ಣಾ ಕನ್ಯಾ ಕಡೆಯವರ ಬೀಗ ಆದ' ಎಂದು ಒಬ್ಬ ಬರೆದ. ಲಗ್ನ ಯಾವಾಗ, ಊಟಕ್ಕೆ ಏನು ಎಂದು ಇನ್ನೊಬ್ಬ ಕೇಳಿದ. ಇಲ್ಲ, ಇದು ಖರೇ ಅಂತ ಅವನು ಉತ್ತರ ಕೊಟ್ಟಷ್ಟೂ ನಗು ಜಾಸ್ತಿಯಾಯಿತು. ಕಡೆಗೆ ಸುಮಲತಾ ಫೋನ್ ಇಸಿದುಕೊಂಡು ಕಪಾಟಿನಲ್ಲಿಟ್ಟಳು.

ಗುರುಶಿದ್ದಪ್ಪ ದಿನಾ ಕೇಳಲಿಲ್ಲ. ಎರಡು ದಿನಕ್ಕೊಮ್ಮೆ ಕಾಟಾದ ಹತ್ತಿರ ಬಂದು ಮೈಲಾರಿಯ ಮುಖ ನೋಡುತ್ತಿದ್ದರು. ಗುಂಪಿನಲ್ಲಿದ್ದದ್ದನ್ನು ತೆಗೆಸಿದೆ, ಉಳಿದವರಿಗೂ ಹೇಳುತ್ತಿದ್ದೇನೆ ಎಂದು ಅವನು ಹೇಳುತ್ತಿದ್ದ. ಅಷ್ಟಕ್ಕೇ ಅವರು ಕೈ ಮುಗಿಯುತ್ತಿದ್ದರು. ತನ್ನ ಮಾತಿನಿಂದಲೇ ಶುರುವಾದದ್ದು ಎಂದು ಅವರಿಗೆ ಹೇಳಬೇಕೆಂದು ಮೈಲಾರಿ ಮೂರು ಸಲ ಬಾಯಿ ತೆರೆದ. ಮೂರು ಸಲವೂ ಒಂದು ಗಾಡಿ ಬಂತು, ಇಲ್ಲವೇ ಯಾರೋ ಕೂಗಿದರು, ಅವನು ಅದನ್ನೇ ನೆವ ಮಾಡಿಕೊಂಡು ಸುಮ್ಮನಾದ.

ಫೆಬ್ರವರಿಯ ಒಂದು ರವಿವಾರ ಹುಬ್ಬಳ್ಳಿಯಲ್ಲೇ ಬೆಳಗಾವಿಯೊಂದಿಗೆ ಪಂದ್ಯವಿತ್ತು. ಹೋಗಬಾರದು ಅಂದುಕೊಂಡಿದ್ದ. ಮಂದಿಗೆ ಎದುರಿಗೇ ನಿಂತು ಹೇಳಿದರೆ ಕೇಳಿಯಾರು ಅಂತ ಅಸ್ಫಾಕ ಅಂದದ್ದಕ್ಕೆ ಹೋದ. ಕ್ರೀಡಾಂಗಣದ ಒಳಗೆ ಬೆಳಗಾವಿಯಿಂದ ಬಂದ ನಲವತ್ತು ಮಂದಿ ತಲೆಯ ಮೇಲೆ ಗುಲಾಬಿ ಟವೆಲ್ ಹೊದ್ದುಕೊಂಡು, ಸ್ಟೀಲಿನ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ಹುಬ್ಬಳ್ಳಿಯ ರೈಡರ್ ಗೆರೆ ದಾಟಿದಾಗೆಲ್ಲ ಎಲ್ಲರೂ ಒಟ್ಟಿಗೆ ತಲೆ ತಗ್ಗಿಸಿ ತಟ್ಟೆ ಚಾಚುತ್ತಿದ್ದರು. ಮೊದಮೊದಲು ಹುಬ್ಬಳ್ಳಿಯವರು ಬೈದರು. ಮಧ್ಯಂತರದ ಹೊತ್ತಿಗೆ ಅವರೂ ನಗುತ್ತಿದ್ದರು. ಹುಬ್ಬಳ್ಳಿ ತಂಡದ ಬದಲಿ ಆಟಗಾರರು ಸಹ ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು ನಗುತ್ತಿದ್ದದ್ದನ್ನು ಮೈಲಾರಿ ನೋಡಿದ.

ಅವನು ಆ ಸಾಲಿನ ಕಡೆಗೆ ಹೋಗಿ, ಬ್ಯಾಡ್ರಪಾ, ಅದು ಒಂದು ಮನಿ ಹುಡುಗಿ ಐತಿ ಅಂದ. ಗದ್ದಲದಲ್ಲಿ ಅವನ ಮಾತು ಅವನಿಗೇ ಕೇಳಲಿಲ್ಲ. ಅಷ್ಟರಲ್ಲಿ ಯಾರೋ ಗುರುತು ಹಿಡಿದು, ಇವನೇ ಮೈಲಾರಿ, ತಟ್ಟಿ ಮಾತು ಬರದಾವ ಇವನೇ ಎಂದು ಕೂಗಿದ. ಬೆಳಗಾವಿಯವರು, ಹುಬ್ಬಳ್ಳಿಯವರು ಎಲ್ಲ ಸುತ್ತ ಸೇರಿದರು. ವೈರಿ ಗುಂಪಿನವರು ಅವನ ಹೆಗಲ ಮೇಲೆ ಕೈ ಹಾಕಿದರು. ಯಾರೋ ಅವನ ಕೈಗೆ ಒಂದು ತಟ್ಟೆ ತುರುಕಿದರು. ಹತ್ತಾರು ಫೋನು ಮೇಲೆದ್ದವು. ಕೈಯಲ್ಲಿ ತಟ್ಟೆ ಇದೆ ಎಂದು ತಿಳಿದು ಅವನು ಅದನ್ನು ಕೆಳಗಿಡುವಷ್ಟರಲ್ಲಿ ಫೋಟೋ ಆಗಿಹೋಗಿತ್ತು. ಫೋಟೋದಲ್ಲಿ ಅವನು ನಗುತ್ತಿದ್ದಂತೆ ಕಾಣುತ್ತಿತ್ತು. ಮಂದಿ ಮಾತಾಡಿಸಿದರೆ ಅವನ ಮುಖ ಹಾಗೇ ಆಗುತ್ತಿತ್ತು.

ಗುರುಶಿದ್ದಪ್ಪನವರ ಕಣ್ಣಿಗೆ ಅದು ಬೀಳುವ ಮೊದಲು ತಾನೇ ಹೋಗಿ ಹೇಳಿಬಿಡಬೇಕೆಂದು ಮರುದಿನ ಬೆಳಿಗ್ಗೆ ಅವನು ಹಳೇ ಹುಬ್ಬಳ್ಳಿಗೆ ಹೋದ. ಅವರ ಮನೆ ಇಕ್ಕಟ್ಟಾದ ಓಣಿಯೊಂದರ ಕೊನೆಯಲ್ಲಿತ್ತು. ಗುರುಶಿದ್ದಪ್ಪ ಪೂಜೆಗೆ ಪತ್ರಿ ತರಲು ಹೋಗಿದ್ದರು. ಅವರ ಹೆಂಡತಿ ಗೌರಕ್ಕ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಬಾಗಿಲು ತೆಗೆದವಳು ಧನಶ್ರೀ. ಇಪ್ಪತ್ತನಾಲ್ಕರ ಹುಡುಗಿ, ತೆಳ್ಳಗೆ, ಕನ್ನಡಕ ಹಾಕಿಕೊಂಡಿದ್ದಳು. ಅವನನ್ನು ನೋಡಿದ ಕೂಡಲೇ ಅವಳಿಗೆ ಗುರುತು ಹತ್ತಿತು. ಒಳಗೆ ಕರೆಯದೆ ತಾನೇ ಹೊರಗೆ ಕಟ್ಟೆಗೆ ಬಂದು ಬಾಗಿಲು ಎಳೆದುಕೊಂಡಳು.

"ನಿನ್ನಿ ಫೋಟೋ ನೋಡೇನ್ರಿ," ಅಂದಳು.

ಮೈಲಾರಿ ಹೇಳಬೇಕಾದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ. ಮಾತು ತನ್ನದು, ಹುಡುಗಿ ಯಾರೆಂದು ತಿಳಿದಿರಲಿಲ್ಲ, ತಿಳಿಯದಿದ್ದರೂ ನಕ್ಕದ್ದು ತಪ್ಪು, ತಟ್ಟೆಯನ್ನು ತಾನಾಗಿ ಹಿಡಿದದ್ದಲ್ಲ. ಅವಳು ನಡುವೆ ಬಾಯಿ ಹಾಕದೆ ಕೇಳಿದಳು.

"ನಿಮ್ಮ ಮಾತು ನಾನು ಮೊದಲನೇ ದಿನಾನ ಓದೇನ್ರಿ ಕಾಕಾ. ಓದಿ ನಕ್ಕೇನಿ. ಕಣ್ಣು ನಾನೂ ದೊಡ್ಡದ ಬರದಿದ್ದೆ. ಸಿಟ್ಟ ಕಾಣಬಾರದು, ಹಾಸಿಗಿ ಮಾರೋರು ನಾವು ಅಂತ ಕಂಪನಿಯವರು ನಾಕ ಸಲ ತಿದ್ದಿಸಿದ್ರು. ನೀವು ಬರದದ್ದು ಚಿತ್ರದ ಮ್ಯಾಲಿನ ಮಾತು. ಅದು ನಡೀತೈತಿ." ಓಣಿಯ ಕಡೆ ನೋಡುತ್ತ, "ಆಮ್ಯಾಲಿಂದು ಯಾರು ಬರದ್ರು ಅಂತ ಯಾರಿಗೆ ಗೊತ್ತು," ಅಂದಳು.

ಅವಳು ತನ್ನನ್ನು ಬೈದಿದ್ದರೆ ಮೈಲಾರಿಗೆ ನಿಲ್ಲಲು ಒಂದು ನೆಲೆ ಸಿಗುತ್ತಿತ್ತು. ಅವನು, ತಂದೆಯವರಿಗೆ ಎಲ್ಲ ಹೇಳಿಯೇ ಹೋಗುತ್ತೇನೆ, ಬೇಕಾದರೆ ಠಾಣೆಗೂ ಬಂದು ಬರೆದುಕೊಡುತ್ತೇನೆ ಅಂದ.

"ಬ್ಯಾಡ್ರಿ," ಅಂದಳು. "ಅಪ್ಪ ಈ ಎರಡು ವಾರದಾಗ ಹತ್ತು ಮಂದಿ ಹತ್ರ ಹೋಗ್ಯಾನ. ತಗಸ್ತೇನಿ ಅಂದಾವ ನೀವೊಬ್ರ. ಮೈಲಾರಿ ನೋಡಾಕತ್ತಾನ ಅಂತ ಅವ್ವಗ ಹೇಳಿ ರಾತ್ರಿ ಮಲಗ್ತಾನ. ಅದನ್ನೂ ಕಸಗೋಬ್ಯಾಡ್ರಿ."

ಆ ಫೋಟೋ ಅವರು ನೋಡಿದರೆ ಏನು ಮಾಡುವುದು ಎಂದು ಅವನು ಕೇಳಿದ. ನೋಡಿದರೆ, ತಡೆಯಲು ಹೋಗಿದ್ದರು, ಮಂದಿ ಹಿಡಿದು ನಿಲ್ಲಿಸಿದರು ಅಂತ ನಾನೇ ಹೇಳುತ್ತೇನೆ ಅಂದಳು. ಅದು ಸುಳ್ಳೂ ಅಲ್ಲವಲ್ಲ ಎಂದಳು.

ಅಷ್ಟರಲ್ಲಿ ಓಣಿಯಲ್ಲಿ ಗುರುಶಿದ್ದಪ್ಪ ಪತ್ರಿಯ ಚೀಲ ಹಿಡಿದು ಬಂದರು. ಮೈಲಾರಿಯನ್ನು ನೋಡಿ ಅವರ ನಡಿಗೆ ಚುರುಕಾಯಿತು. ಇಷ್ಟು ದೂರ ಬಂದವನನ್ನು ಕಟ್ಟೆಯ ಮೇಲೆ ನಿಲ್ಲಿಸಿದ್ದಕ್ಕೆ ಮಗಳನ್ನು ಗದರಿಸಿ, ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಗೌರಕ್ಕ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಮೈಲಾರಿ ತಲೆ ಎತ್ತದೆ ಉಂಡ. ಇನ್ನೊಂದು ಹಾಕು, ನಮಗಾಗಿ ಓಡಾಡುತ್ತಾನೆ ಎಂದು ಗುರುಶಿದ್ದಪ್ಪ ಹೆಂಡತಿಗೆ ಹೇಳಿದರು.

ಮುಂದಿನ ವಾರ ಕಂಪನಿ ಒಂದು ಪ್ರಕಟಣೆ ಹೊರಡಿಸಿತು. ಅಭಿಮಾನಿಗಳ ಮಾತಿಗೆ ಬೆಲೆ ಕೊಟ್ಟು ಹಳೆಯ ಲಾಂಛನವನ್ನೇ ಮರಳಿ ತರುತ್ತಿದ್ದೇವೆ, ಹೊಸದನ್ನು ಹೊರಗಿನ ಕಲಾವಿದರೊಬ್ಬರಿಂದ ಬರೆಸಲಾಗಿತ್ತು ಎಂದು ಅದರಲ್ಲಿತ್ತು. ಗುಂಪಿನಲ್ಲಿ ಪಟಾಕಿಯ ಚಿತ್ರಗಳು ಸಿಡಿದವು. ನಾವು ಗೆದ್ದೆವು, ಮೈಲಾರಿ ಅಣ್ಣನಿಂದ ಗೆದ್ದೆವು ಎಂದು ನೂರಾರು ಮಂದಿ ಬರೆದರು. ಧನಶ್ರೀಗೆ ಒಪ್ಪಿಸಿದ್ದ ಉಳಿದ ಕೆಲಸವನ್ನು ಕಂಪನಿ ನಿಲ್ಲಿಸಿತು. ಮೈಲಾರಿ ಗುಂಪಿನಿಂದ ಹೊರಬಿದ್ದ. ಮರುದಿನವೇ ಯಾರೋ ಅವನ ಹೆಸರಿನಲ್ಲಿ ಒಂದು ಹೊಸ ಖಾತೆ ತೆರೆದು ಅವನ ಧಾಟಿಯಲ್ಲೇ ಬರೆಯಲು ಶುರು ಮಾಡಿದರು ಎಂದು ಅಸ್ಫಾಕ ತಿಳಿಸಿದ. ಅವು ಅಷ್ಟು ನಗು ಬರುವಂತಿಲ್ಲ ಎಂದೂ ಹೇಳಿದ.

ಧನಶ್ರೀ ಈಗ ತಾರಿಹಾಳದಲ್ಲಿ ರಟ್ಟಿನ ಡಬ್ಬಿ ಮಾಡುವ ಕಡೆ ಕೆಲಸಕ್ಕೆ ಹೋಗುತ್ತಾಳೆ. ಪೈಪು, ಪಂಪಿನ ಡಬ್ಬಿಗಳ ಮೇಲಿನ ಚಿತ್ರ ಬರೆಯುತ್ತಾಳೆ. ತನ್ನ ಪುಟವನ್ನು ಪೂರ್ತಿ ಅಳಿಸಿದ್ದಾಳೆ. ಚಿತ್ರಗಳ ಕೆಳಗೆ ಹೆಸರು ಹಾಕುವುದಿಲ್ಲ, ಡಬ್ಬಿಗೆ ಯಾರು ಹೆಸರು ಹಾಕುತ್ತಾರೆ ಎನ್ನುತ್ತಾಳಂತೆ.

ಮೈಲಾರಿ ದಿನಾ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಫೋನಿನಲ್ಲಿ ಅವಳ ಹೆಸರು, ಚಹಾ, ತಟ್ಟೆ ಎಂದೆಲ್ಲ ಹಾಕಿ ಹುಡುಕುತ್ತಾನೆ. ಸಿಕ್ಕ ಚಿತ್ರದ ಮೇಲೆ ದೂರು ಒತ್ತುತ್ತಾನೆ. ಕೆಲವಕ್ಕೆ ಉತ್ತರ ಬರುತ್ತದೆ, ಇದು ನಮ್ಮ ನಿಯಮಕ್ಕೆ ವಿರುದ್ಧವಾಗಿಲ್ಲ ಎಂದು. ಯುಗಾದಿ ಕಳೆದು ಹದಿನೈದು ದಿನಕ್ಕೆ, ಕಲಬುರಗಿ ಕಡೆಯ ಒಂದು ಚಹಾದಂಗಡಿಯವರು ಅದೇ ಫೋಟೋವನ್ನು ತಮ್ಮ ಜಾಹೀರಾತಿಗೆ ಹಾಕಿಕೊಂಡಿದ್ದು ಕಂಡಿತು. ಅವರಿಗೆ ಹುಬ್ಬಳ್ಳಿ ಹೋರಿಯ ಹೆಸರೂ ಗೊತ್ತಿರಲಿಕ್ಕಿಲ್ಲ. ಅವನು ಅಲ್ಲಿದ್ದ ನಂಬರಿಗೆ ಫೋನ್ ಮಾಡಿದ. ಎತ್ತಿದವರು ಎಷ್ಟು ಕಪ್ಪು ಬೇಕು ಎಂದು ಕೇಳಿದರು. ಅವನು ವಿಷಯ ಹೇಳಿದ. ಸೇಠರು ಊರಲ್ಲಿಲ್ಲ, ಬಂದ ಮೇಲೆ ಹೇಳುತ್ತೇವೆ ಎಂದರು.

ಅವನು ಫೋನ್ ಜೇಬಿಗಿಡುವ ಹೊತ್ತಿಗೆ ಗುರುಶಿದ್ದಪ್ಪ ಅಂಗಡಿಯ ಬೀಗ ತೆಗೆಯಲು ಬಂದರು.

"ಇವತ್ತ ಹೆಂಗೈತಿ ಮೈಲಾರಿ?"

"ಎಲ್ಲೂ ಕಾಣಲಿಲ್ರಿ ಕಾಕಾ," ಅಂದ.

ಗುರುಶಿದ್ದಪ್ಪ ಬೀಗದ ಕೈಯನ್ನು ಹಾಗೇ ಹಿಡಿದುಕೊಂಡು ಅಲ್ಲೇ ನಿಂತು ಮನೆಗೆ ಫೋನ್ ಹಚ್ಚಿದರು. ಇವತ್ತು ಎಲ್ಲೂ ಇಲ್ಲವಂತೆ ಎಂದು ಗೌರಕ್ಕನಿಗೆ ಹೇಳಿದರು. ಆ ಕಡೆಯಿಂದ ಅವಳು ಏನೋ ಕೇಳಿದಳು. ಹೌದು, ಅವನೇ ನೋಡಿ ಹೇಳಿದ ಎಂದು ಇವರು ಇನ್ನೊಮ್ಮೆ ಹೇಳಿದರು.